ಹೊಳೆ ಕಡಿದ ದಂಡೆ

ಮಾನ್ವಿಯ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. 'ಪ್ರಪಾತ' ಎಂಬ ಪದ ಬಂದಾಗ, ಅದರೊಳಗೆ 'ಬೀಳು' ಎಂಬರ್ಥದ ಸಂಸ್ಕೃತ ಧಾತು ಇದೆ ಎನ್ನುತ್ತೇನೆ. 'ಕಡಿದಾದ' ಎಂಬುದು ನಮ್ಮದೇ ಮಾತು. ಕೊಡಲಿಯಿಂದ ಕಡಿಯುತ್ತಾರಲ್ಲ, ಆ 'ಕಡಿ'ಯಿಂದ ಬಂದದ್ದು ಎಂದು ಹುಡುಗಿಯರು ಹೇಳುತ್ತಾರೆ. ಅಲ್ಲ, ಕಡುಬಿಸಿಲು, ಕಡುಕಷ್ಟಗಳಲ್ಲಿರುವ 'ಕಡು'ವಿನಿಂದ ಎಂದು ತಿದ್ದುತ್ತೇನೆ. ತಿದ್ದುವುದು ನನ್ನ ಕೆಲಸ, ಸ್ವಲ್ಪ ಚಟವೂ ಹೌದು. ಈ ಪದವನ್ನು ಮಾತ್ರ ಮನಸ್ಸಿಲ್ಲದೆ ತಿದ್ದುತ್ತೇನೆ.

ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ ನಮ್ಮದೊಂದು ತುಂಡು ಹೊಲವಿದೆ. ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಹೂಳುತ್ತಾರೆ. ಅವ್ವನನ್ನು ಹೊಳೆ ಕಾಣುವ ಕಡೆ, ಬೇವಿನ ಮರದ ಹತ್ತಿರ ಮಣ್ಣು ಮಾಡಿದೆವು. ಆಗ ದಂಡೆ ಇಳಿಜಾರಾಗಿತ್ತು, ಎಮ್ಮೆಗಳು ಆರಾಮಾಗಿ ನೀರಿಗಿಳಿಯುತ್ತಿದ್ದವು. ಆಮೇಲೆ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗಲೆಲ್ಲ ಕರಿಮಣ್ಣು ಹೆಂಟೆಹೆಂಟೆಯಾಗಿ ಕುಸಿಯಿತು. ಈಗ ದಂಡೆ ಗೋಡೆಯಂತೆ ನಿಂತಿದೆ. ಕಳೆದ ಮಳೆಗಾಲದಲ್ಲಿ ಬೇವಿನ ಮರವೂ ಹೋಯಿತು.

"ಹೊಳಿ ಕಡಿಯಾಕತ್ತದ," ಎಂದ ಅಪ್ಪ, ಯಾರದೋ ಹೊಲದ ಸುದ್ದಿ ಹೇಳುವ ಹಾಗೆ.

ಅವ್ವನನ್ನು ಮೇಲಿನ ಬದುವಿಗೆ ತರೋಣ ಎಂದೆ.

"ಮಲಗಿದಾಕಿನ್ನ ಎಬ್ಬಸಬಾರದು, ಯವ್ವಾ."

ವಾದ ಮಾಡಿದೆ, ಸಿಟ್ಟು ಮಾಡಿದೆ. ಅಪ್ಪ ಪಟ್ಟು ಬಿಡಲಿಲ್ಲ. ಅವ್ವ ನೀರುಪಾಲಾಗುತ್ತಾಳೆಂಬ ಹೆದರಿಕೆ ನನಗಿತ್ತು, ಅವನಿಗಿಲ್ಲವಲ್ಲ ಎಂದು ಒಳಗೇ ಕುದಿದೆ.

ಮುಂದಿನ ಅಮಾವಾಸ್ಯೆಗೆ ಅಪ್ಪನ ಜೊತೆ ಎಡೆ ಹಿಡಿದು ಹೋದಾಗ, ಅವ್ವನ ತಲೆಯ ಕಡೆ ನೆಟ್ಟಿದ್ದ ಕಲ್ಲು ಮೇಲಿನ ಬದುವಿನಲ್ಲಿತ್ತು. ಸುತ್ತ ಮಣ್ಣು ಮೆತ್ತಿ ಸಾರಿಸಿತ್ತು. ಕೊನೆಗೂ ಒಪ್ಪಿದನಲ್ಲ ಎಂದು ನಿರಾಳವಾಗಿ ಎಡೆಯನ್ನು ಅದರ ಮುಂದಿಟ್ಟೆ. ಅಪ್ಪ ತಟ್ಟೆ ಎತ್ತಿಕೊಂಡು ದಂಡೆಯ ಕಡೆ ನಡೆದ.

"ಕಲ್ಲಷ್ಟ ಸರಸೀನಿ. ಆಕಿ ಅಲ್ಲೇ ಅದಾಳ."

"ಯಪ್ಪಾ, ಹಿಂದಕ್ಕ ಬಾ! ಮಣ್ಣು ಕುಸೀತದ!"

ಅವನು ಅಂಚಿನಲ್ಲಿ ಕೂತು ತಟ್ಟೆ ಇಟ್ಟ, ನೀರು ಬಿಟ್ಟ, ಕೈ ಮುಗಿದ. ತಿರುಗಿ ಬಂದಾಗ ನನಗೆ ರೇಗಿತ್ತು. ಆಕೆ ಅಲ್ಲೇ ಇದ್ದರೆ ಕಲ್ಲನ್ನೇಕೆ ಸರಿಸಿದೆ ಎಂದು ಕೇಳಿದೆ.

ಅವನು ಧೋತರಕ್ಕೆ ಹತ್ತಿದ ಮಣ್ಣು ಕೊಡವಿಕೊಂಡ.

"ನಾ ಹೋದಮ್ಯಾಲ ನೀ ಒಬ್ಬಾಕಿನ ಎಡಿ ತರ್ತಿ. ದಂಡಿ ತನಕ ಬರಬ್ಯಾಡ. ಇಲ್ಲೇ ಇಟ್ಟು ಹೋಗು."