ಹೊಗೆಸೊಪ್ಪು ಕಾಣದ ಬಾಯಿ

ನನ್ನ ಅಕ್ಕನ ಅತ್ತೆ ಸತ್ತಾಗ ನಾನು ಮಣ್ಣಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ಹೋಗಬೇಕಿತ್ತು ಅಂತ ಇವತ್ತಿಗೂ ಅನ್ನಿಸಿಲ್ಲ.

ಅಕ್ಕನನ್ನು ಕೊಟ್ಟಿದ್ದು ರಾವಂದೂರಿನ ಪಕ್ಕದ ಒಂದು ಹಳ್ಳಿಗೆ. ಹೊಗೆಸೊಪ್ಪು ಬೆಳೆಯುವ ಮನೆ. ಸುಗ್ಗಿಯಲ್ಲಿ ಅವಳು ದಿನವಿಡೀ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಬೆಂಕಿಯ ಶಾಖದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಏರಿಸಲು ಕೊಡುತ್ತಿದ್ದಳು. ಕೈಗೆ ಮೆತ್ತಿದ ಕರಿ ಅಂಟು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆದರೆ ಒಂದು ಚೂರನ್ನೂ ಬಾಯಿಗಿಟ್ಟವಳಲ್ಲ. ಎಲೆ ಅಡಿಕೆಯೂ ಇಲ್ಲ. ಅತ್ತೆಯಾದರೋ ದವಡೆಯಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿ ಇಲ್ಲದೆ ಮಾತೇ ಆಡುತ್ತಿರಲಿಲ್ಲ. ಎಪ್ಪತ್ತು ದಾಟಿದ ಆ ಬಾಯಿಗೆ ಒಂದು ಗುಳ್ಳೆಯೂ ಬರಲಿಲ್ಲ. ಹುಣ್ಣಾಗಿದ್ದು ಅಕ್ಕನಿಗೆ.

ಕೆನ್ನೆಯ ಒಳಗೆ ಬಿಳಿ ಮಚ್ಚೆಯಾಗಿ ಶುರುವಾಗಿದ್ದು ಯಾರಿಗೂ ತಿಳಿಯಲಿಲ್ಲ. ಮುದ್ದೆ ಅಗಿಯುವ ಊಟವಲ್ಲವಲ್ಲ, ನುಂಗಿಕೊಂಡೇ ತಿಂಗಳುಗಟ್ಟಲೆ ದಿನ ದೂಡಿದಳು. ಬಾಯುರಿ ತಾಳದೆ ಅವಳು ಸಾರಿಗೆ ಖಾರ ಕಮ್ಮಿ ಮಾಡಿ, ಸಾಲದೆಂದು ಅತ್ತೆ ಜಗಳ ತೆಗೆದಾಗಲೇ ವಿಷಯ ಹೊರಬಿದ್ದಿದ್ದು. ಎರಡು ಸಾವಿರನೇ ಇಸವಿಯ ಆಚೀಚೆಯ ಮಾತು. ನಾನಾಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಲ್ಲಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಎಂದು ಬಂತು.

ಸುದ್ದಿ ಕೇಳಿದ ಅತ್ತೆಗೆ ಮೊದಲು ಹೊಳೆದಿದ್ದು ಕಳ್ಳತನ. "ಕದ್ದು ತಿಂದವ್ಳೆ ಕಣಪ್ಪ. ಬ್ಯಾರನ್ ತಾವ ಒಬ್ಳೇ ಇರ್ತಿದ್ಲಲ್ಲ, ಇನ್ನೇನ್ ಮಾಡ್ತಿದ್ಲು?" ಭಾವ ಎದ್ದು ಹೊಲದ ಕಡೆ ಹೊರಟ. ಬೀದಿಯವರು ಹೌದೌದು ಎಂದು ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನನ್ನು ಬಿಡದೆ ಕೇಳಿದೆ, ಏನೂ ತಿನ್ನದವಳಿಗೆ ಇದು ಹೇಗೆ ಬಂತು ಎಂದು. "ಹೊಗೆಸೊಪ್ಪೇ ದೊಡ್ಡ ಕಾರಣ. ಆದ್ರೆ ತಿನ್ನದೇ ಇರೋರಿಗೂ ಒಮ್ಮೊಮ್ಮೆ ಬರುತ್ತೆ. ಕೆಲವರಲ್ಲಿ ಒಂದು ಜಾತಿಯ ವೈರಸ್ ಪಾತ್ರ ಇರಬಹುದು ಅಂತ ಅನುಮಾನ ಇದೆ, ಇನ್ನೂ ಹುಡುಕ್ತಾ ಇದ್ದಾರೆ. ನಿಮ್ಮಕ್ಕನಿಗೆ ಅದರಿಂದಲೇ ಬಂತು ಅಂತ ನಾನು ಹೇಳಲಾರೆ," ಎಂದರು. ಎಷ್ಟು ಜೋಪಾನವಾಗಿ ಹೇಳಿದ್ದರು ಆಕೆ! ನಾನು ಕಿವಿಗೆ ಹಾಕಿಕೊಂಡಿದ್ದು ಒಂದೇ ಪದ.

ಬಸ್ಸಿಳಿದವನೇ ಹೋಗಿ ಅಕ್ಕನ ಮನೆಯ ಜಗಲಿಯ ಮೇಲೆ ನಿಂತೆ. ನೆರೆಯವರೂ ಇದ್ದರು. "ಅಕ್ಕ ಏನೂ ಕದ್ದು ತಿಂದಿಲ್ಲ. ಇದು ವೈರಸ್ಸಿಂದ ಬಂದಿರೋದು. ಡಾಕ್ಟ್ರೇ ಹೇಳವ್ರೆ!" ಓದಿದವನ ಕೊಬ್ಬು ಅಂದರೆ ಅದೇ. ಮುದುಕಿಯ ಬಾಯಿ ಮುಚ್ಚಿಸಿದೆ ಎಂದು ಬೀಗುತ್ತಿದ್ದೆ. ಆಕೆ ಬಾಯಿ ಮುಚ್ಚಿಕೊಂಡೇ ಎದ್ದು, ಅಕ್ಕನ ತೊಡೆಯ ಮೇಲಿದ್ದ ನಾಲ್ಕು ವರ್ಷದ ಮಗಳನ್ನು ಎಳೆದುಕೊಂಡಳು.

ಆ ಊರಿಗೆ ವೈರಸ್ ಎಂಬ ಪದ ಗೊತ್ತಿದ್ದಿದ್ದು ಏಡ್ಸ್ ಬಗ್ಗೆ ಗೋಡೆಯ ಮೇಲೆ ಬರೆಸಿದ್ದ ಬರಹದಿಂದ. ಸಂಜೆಯೊಳಗೆ ಅಕ್ಕನ ತಟ್ಟೆ, ಚೊಂಬು ಬೇರೆಯಾದವು. ಎಲ್ಲಿಂದ ತಂದಳಂತೆ ಎಂದು ಯಾರೋ ಭಾವನ ಕಿವಿಗೆ ಬೀಳುವಂತೆಯೇ ಕೇಳಿದರು. ಆ ಮಹಾಶಯ ತನ್ನ ಹಾಸಿಗೆಯನ್ನು ಬ್ಯಾರನ್ನಿಗೆ ಸಾಗಿಸಿದ. ಮಗು ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು ಅಮ್ಮಾ ಎಂದು ಅತ್ತರೂ ಮುದುಕಿ ಒಳಗೆ ಬಿಡಲಿಲ್ಲ. "ಬಾಯಿಂದ ಬಾಯಿಗೆ ಅಂಟ್ಕತದೆ. ಮಗೀನ ಮುಟ್ಟಬ್ಯಾಡ." ಕ್ಯಾನ್ಸರ್ ತಟ್ಟೆಯಿಂದ ಅಂಟುವ ಕಾಯಿಲೆಯಲ್ಲ ಎಂದು ನಾನು ಗಂಟಲು ಹರಿದುಕೊಂಡೆ. "ವೈರಸ್ ಅಂದೋನು ನೀನೇ ಅಲ್ವೇನ್ಲಾ?" ಎಂದಳು.

ಆಪರೇಷನ್ನಿಗೆ ಇನ್ನು ಒಂದು ವಾರವಿತ್ತು. ಆಮೇಲೆ ಮಾತು ಮೊದಲಿನಂತೆ ಬರುವುದು ಕಷ್ಟ ಎಂದು ಅಕ್ಕನಿಗೆ ಆಸ್ಪತ್ರೆಯಲ್ಲೇ ತಿಳಿಸಿದ್ದರು. ಮಾತು ಇರುವಷ್ಟು ದಿನ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮಾತಾಡಬೇಕು, ಅಷ್ಟೇ ಅವಳ ಆಸೆ. ಅದನ್ನು ಕಿತ್ತುಕೊಂಡವನು ನಾನು.

ಮೂರನೆಯ ದಿನ ಅಕ್ಕ ತಾನಾಗಿ ಜಗಲಿಗೆ ಬಂದಳು. ಅವತ್ತೂ ನೆರೆಯವರಿದ್ದರು. "ವೈರಸ್ಸೂ ಇಲ್ಲ, ಏನೂ ಇಲ್ಲ ಕಣತ್ತೆ. ನಾನೇ ಕದ್ದು ತಿಂತಿದ್ದೆ. ಬಾಳ ವರ್ಸದಿಂದ," ಎಂದಳು. ನಾನು ಬಾಯಿ ತೆರೆದೆ. ಅವಳು ನೋಡಿದ ನೋಟಕ್ಕೆ ಹಾಗೇ ಮುಚ್ಚಿಕೊಂಡೆ.

ಮುದುಕಿಯ ಮುಖ ಅರಳಿತು. "ನಾ ಅವತ್ತೇ ಯೋಳ್ನಿಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಆದರೂ ಮಗುವಿನ ರಟ್ಟೆ ಬಿಡಲಿಲ್ಲ. ನನ್ನತ್ತ ತಿರುಗಿದಳು. "ದಿಟವೇನ್ಲಾ? ನಿಂಗೂ ಗೊತ್ತಿತ್ತಾ?"

ಮಗು ಅಕ್ಕನ ಕಡೆಗೆ ಜಗ್ಗುತ್ತಿತ್ತು.

"ಹೂಂ," ಎಂದೆ. "ತಿನ್ನೋದನ್ನ ನಾನೇ ಕಣ್ಣಾರೆ ನೋಡಿದ್ದೆ."