ಕ್ಲಬ್ಬಿನವರು ಮೈಕು ಬಂದ್ ಮಾಡಿದ ಸಂಜೆ

ಧಾರಾವಾಹಿಯೊಂದರಲ್ಲಿ ನಾನು ವರ್ಷಗಟ್ಟಲೆ ಆದರ್ಶ ಹಿರಿಮಗನಾಗಿದ್ದೆ. ನನ್ನೂರು ಮೂಡಿಗೆರೆಗೆ ಬಂದರೆ ಹೆಂಗಸರು ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲಿಸಿ, "ನಿಮ್ಮಂಥ ಮಗ ಮನೆಮನೇಲೂ ಹುಟ್ಬೇಕು" ಅನ್ನುತ್ತಿದ್ದರು. ಆಮೇಲೊಂದು ಸಂದರ್ಶನದಲ್ಲಿ, ನಾನು ಗೇ, ಗಂಡಸರನ್ನು ಪ್ರೀತಿಸುವವನು ಎಂದು ಹೇಳಿದೆ. ಆ ತಿಂಗಳೇ ಧಾರಾವಾಹಿಯಲ್ಲಿ ಹಿರಿಮಗನ ಜೀಪು ಘಾಟಿಯಲ್ಲಿ ಉರುಳಿತು. ನನ್ನ ಫೋಟೋಗೆ ಗಂಧದ ಹಾರ ಬಿತ್ತು. "ಜನ ಒಪ್ಪಲ್ಲ" ಎಂದರು ನಿರ್ಮಾಪಕರು. ಯಾವ ಜನರನ್ನೂ ಅವರು ಕೇಳಿರಲಿಲ್ಲ. ನಂತರ ಬಂದ ಪಾತ್ರ ಒಂದೇ: ಸೊಂಟ ಕುಣಿಸುತ್ತ ಬಂದು ಕಪಾಳಕ್ಕೆ ಹೊಡೆಸಿಕೊಂಡು ಹೋಗುವುದು. ಒಲ್ಲೆ ಎಂದಿದ್ದಕ್ಕೆ ಅಹಂಕಾರಿ ಎನಿಸಿಕೊಂಡೆ.

ಆಗಲೇ ಚಿಕ್ಕಮಗಳೂರಿನ ಪ್ಲಾಂಟರುಗಳ ಕ್ಲಬ್ಬೊಂದು ತನ್ನ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆಯಿತು. ಕಾರ್ಯದರ್ಶಿ ಫೋನಿನಲ್ಲೇ ಷರತ್ತು ಹಾಕಿದ.

"ಆ ವಿಷ್ಯ ಒಂದು ಬೇಡ ಮಾರಾಯ್ರೆ. ಹೆಂಗಸ್ರು ಮಕ್ಳು ಇರ್ತಾರೆ."

ಆ ಹೆಂಗಸರು ಮಕ್ಕಳ ಎದುರೇ ಕುಡಿದು ತೂರಾಡುವ ಗಂಡಸರ ಕ್ಲಬ್ಬು ಅದು.

ವೇದಿಕೆಯಲ್ಲಿ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಹಾಕಿ, "ನಮ್ಮ ಹುಡುಗಂಗೆ ಇನ್ನೂ ಮದ್ವೆ ಆಗಿಲ್ಲ. ಒಳ್ಳೆ ಹುಡ್ಗಿ ಇದ್ರೆ ಹೇಳಿ" ಎಂದರು. ಎಲ್ಲರಿಗೂ ವಿಷಯ ಗೊತ್ತಿತ್ತು. ಅದಕ್ಕೇ ಅಷ್ಟು ನಕ್ಕರು. ನಾನು ಮೈಕು ತೆಗೆದುಕೊಂಡೆ.

"ಹುಡ್ಗಿ ಹುಡುಕೋ ಕಷ್ಟ ಬೇಡ. ನಾನು ಗೇ. ನನ್ನಂಥವ್ರು ನಿಮ್ಮ ಮನೆಗಳಲ್ಲೂ ಇದ್ದಾರೆ. ನೀವು ಹೀಗೆ ನಗೋದನ್ನ ಕೇಳ್ಕೊಂಡು ಸುಮ್ನಿದ್ದಾರೆ."

ಯಾರೋ ಮೈಕು ಬಂದ್ ಮಾಡಿದರು. ನಾಟಕದಲ್ಲಿ ಪಳಗಿದ ಗಂಟಲಿಗೆ ಮೈಕಿನ ಹಂಗಿಲ್ಲ. ಹೇಳಬೇಕಾದ್ದನ್ನು ಹೇಳಿಯೇ ಇಳಿದೆ. ಅದೇ ಅಧ್ಯಕ್ಷರು ಹೊರಗೆ ಕಾರಿನ ಹತ್ತಿರ ಬಂದು, "ಬೇಜಾರಾಗ್ಬೇಡಿ. ಮನೆಯವ್ರು ನಿಮ್ಮ ಫ್ಯಾನು, ಒಂದು ಸೆಲ್ಫಿ" ಎಂದು ಹಲ್ಲು ಕಿರಿದರು. ನಾನು ಕಾರಿನ ಬಾಗಿಲು ತೆಗೆದೆ.

ಅಷ್ಟರಲ್ಲಿ ನೆಂಟರ ಜೊತೆ ಬಂದಿದ್ದ ಸಂಸೆ ಊರಿನ ಹೆಂಗಸೊಬ್ಬರು ಓಡಿಬಂದರು. "ನನ್ನ ತಮ್ಮನೂ ನಿಮ್ಮ ಹಾಗೇ. ಐವತ್ತಾಯ್ತು. ಯಾರ ಹತ್ರನೂ ಮಾತಾಡಲ್ಲ. ಒಂದ್ಸಲ ಬರ್ತೀರಾ?"

ಮರುದಿನವೇ ಹೋದೆ. ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಆತ ಕಾಫಿ ಲೋಟ ನನ್ನ ಮುಂದಿಟ್ಟು ಬಾಯಿಬಿಟ್ಟ.

"ಟೀವೀಲಿ ನೀವು ಸತ್ತಾಗ ಅಕ್ಕ ಅತ್ಲು. ನಂಗೆ ಸಿಟ್ಟು ಬಂತು. ನಿಜ ಹೇಳಿದ್ದಕ್ಕೆ ಸಾಯಿಸಿದ್ರಲ್ಲ ಅಂತ."

ಆಮೇಲೆ ಮಧ್ಯಾಹ್ನದವರೆಗೂ ಅವನೇ ಮಾತಾಡಿದ. ಅಕ್ಕ ಬಾಗಿಲಲ್ಲಿ ನಿಂತು ಕೇಳಿದರು.

ಈಗ ತಿಂಗಳಿಗೊಂದು ಭಾನುವಾರ ಚಿಕ್ಕಮಗಳೂರಿನಲ್ಲಿ ನಮ್ಮಂಥ ಕೆಲವರು ಮಾತಾಡಲು ಸೇರುತ್ತೇವೆ. ಅಕ್ಕ ತಮ್ಮ ಇಬ್ಬರೂ ಬರುತ್ತಾರೆ. ನಾನು ಊರು ಕೆಡಿಸುತ್ತಿದ್ದೇನೆಂದು ಕ್ಲಬ್ಬಿನವರು ಹೇಳಿಕೊಂಡು ತಿರುಗುತ್ತಾರೆ. ಅವರಲ್ಲೇ ಒಬ್ಬರು ಮೊನ್ನೆ ಕಳ್ಳನಂತೆ ನಾವು ಸೇರುವ ಜಾಗದ ಬಾಗಿಲವರೆಗೆ ಬಂದು, "ನನ್ ಮಗ ಹಿಂಗೇ ಅನ್ಸುತ್ತೆ. ನಾ ಬಂದಿದ್ದು ಯಾರಿಗೂ ಹೇಳ್ಬೇಡಿ" ಎಂದು ಪಿಸುಗುಟ್ಟಿದರು.

"ಅವನನ್ನ ಕಳ್ಸಿ," ಎಂದೆ. "ನೀವು ಬೇಡ."