ದೆವ್ವದ ಕೈಯಲ್ಲಿರುವ ಡೂಪ್ಲಿಕೇಟ್ ಕೀ

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಮುದ್ದೆ ಕೋಳಿಸಾರು ಉಂಡು ಕೈ ಒರೆಸಿಕೊಳ್ಳುವಷ್ಟರಲ್ಲಿ, ನಾನು ದೆವ್ವ ಆಗಿರುವ ಸುದ್ದಿ ನನಗೆ ತಿಳಿಯಿತು.

ತಿಳಿಸಿದ್ದು ನನ್ನ ಮಗಳು ಚೈತ್ರ. ತಿಳಿಸಿದಳು ಅನ್ನುವುದಕ್ಕಿಂತ, ಬಚ್ಚಿಡಲು ಹೋಗಿ ಸಿಕ್ಕಿಬಿದ್ದಳು. ವೈಟ್‌ಫೀಲ್ಡ್‌ನ ಪಿಜಿಯಿಂದ ವಾರಕ್ಕೊಮ್ಮೆ ಲಗ್ಗೆರೆಗೆ ಬರುವ ಹುಡುಗಿ, ಅಮ್ಮನ ಜೊತೆ ನಾಲ್ಕು ಮಾತಾಡುವುದು ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತು ಕಿಸಿಕಿಸಿ ನಗುತ್ತಿದ್ದಳು. ನಾನು ಹತ್ತಿರ ಹೋದರೆ ಪಟ್ಟನೆ ಮುಚ್ಚಿದಳು.

"ಏನೇ ಅದು?"

"ಏನಿಲ್ಲಮ್ಮ, ಗೇಮು. ಹಾರರ್. ನಿಂಗೆ ಆಗಲ್ಲ ಬಿಡು."

ನನಗೆ ಆಗಲ್ಲವಂತೆ! ಇಷ್ಟು ವರ್ಷ ಈ ಅಂಕಣ ಓದಿದವರಿಗೆ ಮುಂದೆ ಏನಾಯಿತು ಅಂತ ಹೇಳಬೇಕಾಗಿಲ್ಲ. ಎರಡು ನಿಮಿಷದಲ್ಲಿ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿತ್ತು.

ಆಟದ ಹೆಸರು 'ಪೋರ್ಷನ್ ನಂಬರ್ ನಾಲ್ಕು'. ಮಾಡಿದವಳು ರೇಣುಕಾ, ನಮ್ಮ ಮೇಲಿನ ರೂಮಿನ ಬಾಡಿಗೆ ಹುಡುಗಿ. ಮುಧೋಳದ ಕಡೆಯವಳು. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕಂಪ್ಯೂಟರ್ ಮೇಲೆ ಮಷಿನ್ ಡ್ರಾಯಿಂಗ್ ಮಾಡುತ್ತಾಳೆ. ರಜಾ ದಿನಗಳಲ್ಲಿ ಒಬ್ಬಳೇ ಕೂತು ಗೇಮ್ ಮಾಡುತ್ತಾಳೆ ಅನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು. ಆಡಿ ನೋಡಿ ತಪ್ಪು ಹೇಳು ಅಂತ ಚೈತ್ರಳಿಗೆ ಕಳಿಸಿದ್ದಳು. ಅಮ್ಮನಿಗೆ ತೋರಿಸಬೇಡ ಅಂತಲೂ ಹೇಳಿದ್ದಳಂತೆ.

ಯಾಕೆ ಅಂತ ಮೊದಲನೇ ನಿಮಿಷಕ್ಕೇ ಗೊತ್ತಾಯಿತು. ತೆರೆಯ ಮೇಲೆ ಇದ್ದದ್ದು ನಮ್ಮ ಮೆಟ್ಟಿಲು! ಅದೇ ಹದಿನಾಲ್ಕು ಮೆಟ್ಟಿಲು. ಏಳನೆಯದರ ಕಲ್ಲು ಅಲುಗಾಡಿ 'ಟಕ್' ಅನ್ನುತ್ತದಲ್ಲ, ಅದೂ ಇತ್ತು. ಆಟ ಆಡುವವರು ರೂಮಿನೊಳಗೆ ಬಾಡಿಗೆಗಿರುವ ಹುಡುಗಿ. ಹೊರಗೆ ಕೀ ಗೊಂಚಲು ಝಣಝಣ ಅನ್ನುತ್ತದೆ. ಒಂದು ಕೆಮ್ಮು. ಆಮೇಲೆ ಹೂವಿನ ನೈಟಿ ತೊಟ್ಟು, ಮೇಲೊಂದು ಟವೆಲ್ ಹೊದ್ದ ದೆವ್ವ ಮೆಟ್ಟಿಲು ಹತ್ತುತ್ತದೆ.

(ಆ ಕೆಮ್ಮು ನನ್ನದು. ಪಾಪಿ, ರೆಕಾರ್ಡ್ ಮಾಡಿಕೊಂಡಿದ್ದಾಳೆ.)

ಆಟದ ಕ್ರಮ ಸುಲಭ. ಪ್ರತಿ ಸಲ ಮೂರು ಆಯ್ಕೆ ಬರುತ್ತವೆ. ನೀವು ಯಾವುದನ್ನು ಒತ್ತುತ್ತೀರೋ ಕಥೆ ಆ ಕಡೆ ತಿರುಗುತ್ತದೆ. ಒಟ್ಟು ಆರು ಎಂಡಿಂಗ್. ರೂಮಿನಲ್ಲಿ ಆ ಹುಡುಗಿಯ ಜೊತೆ ಇನ್ನೊಬ್ಬರು ಇದ್ದಾರೆ. ಮುಖ ಕಾಣುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ. ಅವರನ್ನು ದೆವ್ವದಿಂದ ಕಾಪಾಡಬೇಕು, ಅಷ್ಟೇ.

ನಾನು ಮೊದಲು 'ಮಂಚದ ಹಿಂದೆ ಅವಿತುಕೋ' ಒತ್ತಿದೆ. ದೆವ್ವದ ಹತ್ತಿರ ಡೂಪ್ಲಿಕೇಟ್ ಕೀ ಇತ್ತು. ಬೀಗ ತೆಗೆದುಕೊಂಡು ಒಳಗೇ ಬಂತು. ಎಂಡಿಂಗ್ ಒಂದು.

ಎರಡನೇ ಸಲ 'ಬಾಗಿಲು ತೆಗೆ'. ದೆವ್ವ ಬಾಗಿಲಲ್ಲಿ ನಿಂತು, "ಒಳಗೆ ಯಾರಿದ್ದಾರೆ?" ಅಂತು. 'ನಿಜ ಹೇಳು' ಒತ್ತಿದೆ. ಹುಡುಗಿ "ನಮ್ಮಮ್ಮ" ಅಂದಳು. ದೆವ್ವ ನಿಧಾನವಾಗಿ "ಮೂರೇ ದಿನ. ನೀರಿನ ಪ್ರಾಬ್ಲಮ್ಮು" ಅಂತು. ತಕ್ಷಣ ನಾಲ್ಕೂ ಗೋಡೆ ಒಂದೊಂದು ಅಡಿ ಒಳಗೆ ಸರಿದವು. ಮತ್ತೆ ಪ್ರಶ್ನೆ, ಮತ್ತೆ ಒಂದು ಅಡಿ. ಕೊನೆಗೆ ರೂಮು ಬೀರುವಿನಷ್ಟಾಯಿತು. ಚೈತ್ರ ಆಗಲೇ ಎದ್ದು ಅಡುಗೆಮನೆಗೆ ಹೋಗಿದ್ದಳು.

ಸುಳ್ಳು ಹೇಳಿ ನೋಡಿದೆ, ಓಡಿ ನೋಡಿದೆ (ಗೇಟಿಗೆ ಬೀಗ, ಹತ್ತು ಗಂಟೆಯ ರೂಲ್ಸು), ಮನೆ ಖಾಲಿ ಮಾಡಿಯೂ ನೋಡಿದೆ. ಐದು ಎಂಡಿಂಗ್ ಬಂದವು. ಐದರಲ್ಲೂ ದೆವ್ವ ಗೆದ್ದಿತು.

ನಿಜವಾಗಿ ಮೈ ಜುಮ್ಮೆಂದದ್ದು ಮಾತ್ರ ಇವು ಯಾವುದಕ್ಕೂ ಅಲ್ಲ. ನಡುವೆ ಒಂದು ಸಣ್ಣ ದೃಶ್ಯವಿದೆ. ಹುಡುಗಿ ಕೆಲಸದಿಂದ ಬಂದು ಬೀಗ ತೆಗೆಯುತ್ತಾಳೆ. ಎಲ್ಲ ಇದ್ದ ಹಾಗೇ ಇದೆ. ಬಕೆಟ್ ಮಾತ್ರ ಬೇರೆ ಕಡೆ ಇದೆ. ಅಷ್ಟೇ. ಮ್ಯೂಸಿಕ್ ಕೂಡ ಇಲ್ಲ.

ಆ ಬಕೆಟ್ ಸರಿಸಿದವಳು ನಾನು. ಬೇಸಿಗೆಯಲ್ಲಿ ಒಂದು ದಿನ ಅವಳ ರೂಮಿನಿಂದ ನೀರು ಹರಿದು ಮೆಟ್ಟಿಲಿಗೆ ಬಂತು. ಡೂಪ್ಲಿಕೇಟ್ ಕೀಯಿಂದ ಬಾಗಿಲು ತೆಗೆದು ನಲ್ಲಿ ನಿಲ್ಲಿಸಿ ಬಂದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಅವಳಿಗೆ ಹೇಳುವುದು ಮರೆತಿದ್ದೆ. ನಾಲ್ಕೂ ಪೋರ್ಷನ್ನಿನ ಕೀಗಳು ನಮ್ಮ ದೇವರಮನೆ ಪಕ್ಕದ ಮೊಳೆಯಲ್ಲಿವೆ. ನಮ್ಮ ಲಗ್ಗೆರೆಯ ಹಳೇ ಓನರ್‌ಗಳಲ್ಲಿ ಯಾರ ಮನೆಯಲ್ಲಿ ಹೀಗೆ ಕೀ ಇಲ್ಲ ಹೇಳಿ? ಇದು ನಾವು ಕಟ್ಟಿಸಿದ ಮನೆ ತಾನೇ?

ಕೋಪ ಬಂತು. ಹಬ್ಬಕ್ಕೆ ಹೋಳಿಗೆ ಕೊಟ್ಟಿಲ್ಲವಾ? ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟಿಲ್ಲವಾ? ನಾನು ದೆವ್ವವಾ? ಇಲ್ಲ, ಆರನೇ ಎಂಡಿಂಗ್‌ನಲ್ಲಿ ಓನರ್ ಒಳ್ಳೆಯವಳು ಅಂತ ಇದ್ದೇ ಇರುತ್ತದೆ. ಅದನ್ನು ಓಪನ್ ಮಾಡಿಯೇ ಸಿದ್ಧ ಅಂತ ಹಟ ಹಿಡಿದೆ. ಚೈತ್ರಳಿಂದ ಗೇಮನ್ನು ನಮ್ಮ ಮನೆ ಕಂಪ್ಯೂಟರಿಗೂ ಹಾಕಿಸಿಕೊಂಡೆ. ಸೋಮವಾರ ಆಡಿದೆ. ಮಂಗಳವಾರ ಆಡಿದೆ. ಯಾವುದು ಒತ್ತಿದರೆ ಏನಾಗುತ್ತದೆ ಅಂತ ಹಾಲಿನ ಕ್ಯಾಲೆಂಡರ್ ಹಿಂದೆ ಪಟ್ಟಿ ಬರೆದೆ. ಎಲ್ಲ ದಾರಿ ಮುಗಿದವು. ತೆರೆಯ ಮೇಲೆ ಎಂಡಿಂಗ್‌ಗೊಂದರಂತೆ ಇದ್ದ ಚೌಕಗಳಲ್ಲಿ ಆರನೆಯದರ ಮೇಲೆ ಬೀಗದ ಚಿತ್ರ ಹಾಗೇ ಕೂತಿತ್ತು.

ಬುಧವಾರ ಸಂಜೆ ರೇಣುಕಾ ಕೆಲಸದಿಂದ ಬಂದು ಗೇಟು ತೆಗೆಯುವುದನ್ನೇ ಕಾಯುತ್ತಿದ್ದೆ.

"ಆ ಆರನೇದು ಹೆಂಗಮ್ಮ ಓಪನ್ ಮಾಡೋದು?"

ಹುಡುಗಿಯ ಮುಖ ಬಿಳಿಚಿಕೊಂಡಿತು. ಟಿಫಿನ್ ಬ್ಯಾಗನ್ನು ಎದೆಗೆ ಅವಚಿಕೊಂಡಳು. ಆಮೇಲೆ ಹೇಳಿದಳು: "ಅದನ್ನ ಇನ್ನಾ ಬರ್ದಿಲ್ರಿ ಆಂಟಿ. ಹೆಂಗ ಬರೀಬೇಕಂತ ಗೊತ್ತಾಗವಲ್ದು. ಆ ಕೀಲಿಕೈ ಆಟ ಆಡೋರ ಕಡೆ ಇಲ್ರಿ. ದೆವ್ವದ ಕಡೆ ಐತಿ."

ಇಷ್ಟು ಹೇಳಿ ಸರಸರ ಮೆಟ್ಟಿಲು ಹತ್ತಿಬಿಟ್ಟಳು.

ನಾನು ಸೋಲು ಒಪ್ಪುವವಳಲ್ಲ. ಆದರೆ ಎದುರಿನವರು ಸರಿಯಾಗಿ ಹೇಳಿದರೆ ಒಪ್ಪುವವಳು. ಒಳಗೆ ಹೋಗಿ ಮೊಳೆಯಿಂದ ನಾಲ್ಕನೇ ಕೀ ತೆಗೆದೆ. ಮೆಟ್ಟಿಲು ಹತ್ತಿದೆ. ಏಳನೆಯದು 'ಟಕ್' ಅಂತು. ಬಾಗಿಲು ತಟ್ಟಿದೆ.

"ಯಾರ್ರಿ?"

"ನಾನು ಕಣಮ್ಮ."

ಒಳಗೆ ಏನೋ ಸರಿದ ಸದ್ದು. ಮುಂಚಿನ ನಾನಾಗಿದ್ದರೆ ಇಷ್ಟು ಹೊತ್ತಿಗೆ ಬಾಗಿಲು ನೂಕುತ್ತಿದ್ದೆ. ಕಾದೆ. ಬಾಗಿಲು ಅರ್ಧ ತೆರೆಯಿತು. ಕೀ ಅವಳ ಅಂಗೈಯಲ್ಲಿಟ್ಟು, "ತಗೋ. ಇನ್ನು ಇದು ನಿಂದು. ಆರನೇದು ಬರಿ" ಅಂದೆ. ಸಿನಿಮಾದಲ್ಲಿ ಆದರೆ ಇಲ್ಲಿಗೆ ಚಪ್ಪಾಳೆ. ನಾನೂ ಒಳಗೊಳಗೇ ಬೀಗುತ್ತಿದ್ದೆ.

ಅಷ್ಟರಲ್ಲಿ ಮಂಚದ ಹಿಂದಿನಿಂದ ಯಾರೋ ಸೀನಿದರು.

ರೇಣುಕಾ ಕಣ್ಣು ಮುಚ್ಚಿಕೊಂಡಳು. ಮಂಚ ಹಿಡಿದುಕೊಂಡು ಒಬ್ಬ ಹೆಂಗಸು ಮೆಲ್ಲಗೆ ಎದ್ದರು. ಕಣ್ಣಿಗೆ ಕಪ್ಪು ಕನ್ನಡಕ. ರೇಣುಕಾಳ ತಾಯಿ. ಕಣ್ಣಿನ ಆಪರೇಷನ್ ಆಗಿ ಹನ್ನೊಂದು ದಿನದಿಂದ ಆ ರೂಮಿನಲ್ಲೇ ಇದ್ದರಂತೆ. ಇನ್ನೂ ಎರಡು ವಾರ ಆಸ್ಪತ್ರೆಗೆ ತೋರಿಸಬೇಕು, ಊರಿಗೆ ಹೋಗುವ ಹಾಗಿಲ್ಲ. ಟ್ಯಾಂಕ್ ನೋಡಲು ನಾನು ದಿನಾ ಅದೇ ಬಾಗಿಲ ಮುಂದೆ ಹಾದು ಹೋಗಿದ್ದೇನೆ. ಕೆಳಗೆ ಏಳನೇ ಮೆಟ್ಟಿಲು 'ಟಕ್' ಅಂದ ಕೂಡಲೇ ಅವರು ಮಂಚದ ಹಿಂದೆ ಸರಿಯುತ್ತಿದ್ದರು. ಹೊಲಿಗೆ ಹಾಕಿದ ಕಣ್ಣಿಟ್ಟುಕೊಂಡು.

ಅವರು ನನ್ನ ಕಡೆ ಕೈ ಮುಗಿದು ಹೇಳಿದ್ದು ಒಂದೇ ಮಾತು: "ನಾ ನೀರ ಭಾಳ ಬಳಸಿಲ್ರಿ ಅವ್ವಾರ."

ಓದುಗರೇ, ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. "ನನಗೊಂದು ಮಾತು ಹೇಳಬಾರ್ದಿತ್ತಾ ರೇಣುಕಾ? ನಾನೇನು ಬೇಡ ಅಂತಿದ್ನಾ?" ಅಂತ ರೇಗಿದೆ.

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ಹೇಳಿದ್ನೆಲ್ರಿ ಆಂಟಿ, ಎರಡ ತಿಂಗಳ ಹಿಂದ. ಎರಡನೇ ಎಂಡಿಂಗ್ ನೋಡೀರಲ್ಲ?"

ಆಗ ನೆನಪಾಯಿತು. ಬಟ್ಟೆ ಒಣಹಾಕುತ್ತಾ ಇದ್ದೆ. ಅವ್ವ ಒಂದು ತಿಂಗಳು ಬಂದಿರಲಾ ಅಂತ ಕೇಳಿದ್ದಳು. ನಾನು ತಿರುಗಿಯೂ ನೋಡದೆ ಹೇಳಿದ್ದೆ. ಮೂರೇ ದಿನ. ನೀರಿನ ಪ್ರಾಬ್ಲಮ್ಮು. ದೆವ್ವದ ಡೈಲಾಗನ್ನು ಅವಳು ಕಟ್ಟಿ ಬರೆದಿರಲಿಲ್ಲ. ನನಗೇ ಮರೆತುಹೋಗಿತ್ತು.

ರೇಣುಕಾಳ ಅಮ್ಮ ಈಗ ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಕೂರುತ್ತಾರೆ. ನನ್ನ ರೊಟ್ಟಿ ದಪ್ಪ ಅಂತ ಬೈಯುತ್ತಾರೆ. ಉಳಿದ ಮೂರು ಕೀಗಳನ್ನೂ ಆಯಾ ಮನೆಗೆ ಕೊಟ್ಟಿದ್ದೇನೆ. ನೀರು? ಸಾಕಾಗುತ್ತಿದೆ. ಏನಾಗಿದೆ ಅದಕ್ಕೆ?

ಮೊನ್ನೆ ಭಾನುವಾರ ರೇಣುಕಾ ಆರನೇ ಎಂಡಿಂಗ್ ಬರೆದು ಮುಗಿಸಿದಳು. ಮೊದಲು ಆಡುವ ಮರ್ಯಾದೆ ನನಗೇ. ದೆವ್ವ ಮೆಟ್ಟಿಲು ಹತ್ತಿ ಬರುತ್ತದೆ (ನೈಟಿ ಬದಲಾಯಿಸು ಅಂದಿದ್ದೆ, ಕೇಳಿಲ್ಲ). ಈ ಸಲ ಅದರ ಕೈಯಲ್ಲಿ ಕೀ ಇಲ್ಲ. ಬಾಗಿಲು ತಟ್ಟಿ ಸುಮ್ಮನೆ ನಿಲ್ಲುತ್ತದೆ. 'ಬಾಗಿಲು ತೆಗೆ' ಒತ್ತಿದರೆ ಆಟ ಗೆದ್ದ ಹಾಗೆ. ಅಷ್ಟೇ ಕೆಲಸ.

ನನ್ನ ಬೆರಳು 'ಮಂಚದ ಹಿಂದೆ ಅವಿತುಕೋ' ಮೇಲೆ ಹೋಯಿತು.

ಹೊರಗೆ ನಿಂತಿರುವುದು ನಾನೇ ಅಂತ ಗೊತ್ತಿದ್ದೂ ನನಗೆ ಬಾಗಿಲು ತೆಗೆಯಲು ಧೈರ್ಯ ಬರಲಿಲ್ಲ; ನಿಮ್ಮ ಮೇಲಿನ ಬಾಡಿಗೆ ಮನೆಯವರಿಗೆ ಬರುತ್ತದಾ?